ರಬ್ಬರ್ ತುಂಡಿನ ಮೇಲೆ ನಿಂತ ಪದ್ಮಿನಿ

ನಮ್ಮ ಫಿಯೆಟ್ ಎಡಕ್ಕೆ ವಾಲಲು ಶುರುವಾದದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ದಿನಾ ನೋಡುವ ಮುಖದಲ್ಲಿ ಸುಕ್ಕು ಬಿದ್ದದ್ದು ಮನೆಯವರಿಗೆ ಕಾಣುವುದಿಲ್ಲವಲ್ಲ, ಹಾಗೆ. ಮೊದಲು ಹೇಳಿದವನು ಮುಲುಂಡಿನ ನಮ್ಮ ಸೊಸೈಟಿಯ ವಾಚ್‌ಮನ್. ಎರಡು ತಿಂಗಳು ಊರಿಗೆ ಹೋಗಿ ಬಂದವನು ಕಾರಿನ ಮುಂದೆ ನಿಂತು, "ಸಾಬ್, ನಿಮ್ಮ ಗಾಡಿ ಕುಂಟುತ್ತಿದೆ" ಎಂದ. ನಿಂತ ಗಾಡಿ ಹೇಗಪ್ಪಾ ಕುಂಟುತ್ತದೆ ಎಂದು ನಗುತ್ತಲೇ ಹತ್ತಿರ ಹೋಗಿ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು. ಎಡಗಡೆಯ ಹೆಡ್‌ಲೈಟು ಬಲಗಡೆಯದಕ್ಕಿಂತ ಕೆಳಗಿತ್ತು. ಬಲಗಡೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಹೋಗುತ್ತಿದ್ದವು, ಎಡಗಡೆ ಎರಡೇ.

ಇದು 1978ರ ಪ್ರೀಮಿಯರ್ ಪದ್ಮಿನಿ. ಅಪ್ಪ ಮಾಟುಂಗದ ಹೊಟೇಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದವರು, ಪಾಲುದಾರರಾದ ವರ್ಷ, 1986ರಲ್ಲಿ, ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ಕೊಂಕಣ ರೈಲ್ವೆ ಬರುವ ಮೊದಲಿನ ದಿನಗಳು. ಮೇ ತಿಂಗಳು ಬಂತೆಂದರೆ ನಾವು ಐದು ಜನ, ಡಿಕ್ಕಿ ತುಂಬ ಸಾಮಾನು, ಪನ್ವೇಲ್ ದಾಟಿ, ಮಹಾಡ್ ದಾಟಿ, ಕಶೇಡಿ ಘಾಟಿಯಲ್ಲಿ ಒಮ್ಮೆ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿ, ಚಿಪ್ಳೂಣ, ಸಾವಂತವಾಡಿ, ಕಾರವಾರ, ಕುಂದಾಪುರ ಎಂದು ಎರಡು ದಿನ ಓಡಿಸಿಕೊಂಡು ಉಡುಪಿ ಮುಟ್ಟುತ್ತಿದ್ದೆವು. ವಾಪಸು ಬರುವಾಗ ಡಿಕ್ಕಿಯಲ್ಲಿ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನಕಾಯಿ. ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ಹೆಸರಿಗೆ ಬಂತು. ಈಗ ನನ್ನ ಮಗಳು ಅದರಲ್ಲಿ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಸ್ಟಿಯರಿಂಗ್ ಪಕ್ಕದಲ್ಲೇ ಗೇರು ಹಾಕುವ ಕಾರು ಅವಳ ಗೆಳತಿಯರಿಗೆ ಸರ್ಕಸ್ಸಿನ ಹಾಗೆ ಕಾಣುತ್ತದೆ.

ವಾಲಿದ ಕಾರನ್ನು ಹತ್ತಿರದ ಒಂದು ಗ್ಯಾರೇಜಿಗೆ ಕೊಂಡುಹೋದೆ. ಹುಡುಗ ಜಾಕ್ ಹಾಕಿ ಎತ್ತಿದ, ಎಡ ಮುಂದಿನ ಸ್ಪ್ರಿಂಗಿನ ಸುತ್ತುಗಳ ನಡುವೆ ಎರಡು ದಪ್ಪ ರಬ್ಬರ್ ತುಂಡು ತುರುಕಿದ, ಇಳಿಸಿದ. ಅರ್ಧ ಗಂಟೆಯ ಕೆಲಸ, ಕೆಲವು ನೂರು ರೂಪಾಯಿ. ಕಾರು ನೆಟ್ಟಗೆ ನಿಂತಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮರುದಿನವೇ ಪಾಲಿಶ್ ಹೊಡೆಸಿ, ಭಾನುವಾರ ಬೆಳಿಗ್ಗೆ ಮರೀನ್ ಡ್ರೈವಿಗೆ ಹೋಗಿ, ಸಮುದ್ರವನ್ನು ಹಿಂದಿಟ್ಟುಕೊಂಡು ಫೋಟೊ ತೆಗೆದು ಎಲ್ಲ ನೆಂಟರಿಗೂ ಕಳಿಸಿದೆ. ಊರಿನಿಂದ ಅಕ್ಕ ಫೋನ್ ಮಾಡಿ, "ಅಪ್ಪ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಮಾರಾಯ" ಎಂದಳು.

ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ. ಯಾಕೆಂದರೆ ಆವತ್ತು ಕಾರು ನೆಟ್ಟಗೆ ನಿಂತದ್ದು ಸರಿಯಾದ್ದರಿಂದಲ್ಲ. ಏನು ಕೆಟ್ಟಿದೆ ಎಂದು ಯಾರೂ ನೋಡದೆ ಇದ್ದುದರಿಂದ. ಹಳೆಯದರ ಮೇಲೆ ನಾವು ತೋರಿಸುವ ಪ್ರೀತಿಯಲ್ಲಿ ಹೆಚ್ಚಿನ ಪಾಲು ಇಂಥ ರಬ್ಬರ್ ತುಂಡೇ ಎಂಬುದು ಈ ಬರಹದ ವಾದ. ಎತ್ತರ ಕೊಡುವುದು ಬೇರೆ, ದುರಸ್ತಿ ಮಾಡುವುದು ಬೇರೆ. ಅವೆರಡನ್ನೂ ಒಂದೇ ಎಂದುಕೊಂಡರೆ ಕಾರೂ ಹೋಗುತ್ತದೆ, ಕಾರಿನಲ್ಲಿ ಕೂತವರೂ ಹೋಗಬಹುದು.

ಮುಂಬಯಿಗೂ ಈ ಕಾರಿಗೂ ಇರುವ ನಂಟನ್ನು ಮೊದಲು ನೆನಪಿಸಿಕೊಳ್ಳೋಣ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ಕುರ್ಲಾದಲ್ಲಿ. ಅಲ್ಲಿ ಮೊದಲು ಜೋಡಿಸಿದ್ದು ಡಾಡ್ಜ್, ಪ್ಲಿಮತ್, ಡಿಸೋಟೊಗಳಂಥ ಅಮೆರಿಕದ ಗಾಡಿಗಳನ್ನು. ಆಮೇಲೆ ಇಟಲಿಯ ಫಿಯೆಟ್ ಜೊತೆ ಒಪ್ಪಂದವಾಯಿತು. 1960ರ ದಶಕದ ಫಿಯೆಟ್ 1100ಡಿ ಮುಂದಿನ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿಸಿ ಎಂಜಿನ್, ಸುಮಾರು 900 ಕೆಜಿ ತೂಕ. ಹೆಸರು ಬದಲಾದರೂ ಮುಂಬಯಿಕರರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. ಕಪ್ಪು ಮೈಯ ಮೇಲೆ ಹಳದಿ ತಲೆಯಿಟ್ಟು 'ಕಾಲಿ-ಪೀಲಿ' ಟ್ಯಾಕ್ಸಿಯಾಗಿ ಈ ಊರಿನ ಗುರುತೇ ಆಯಿತು.

ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾಡ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬಯಿಯಲ್ಲಿ ಟ್ಯಾಕ್ಸಿಯ ಆಯಸ್ಸು 20 ವರ್ಷ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅದರ ಕಥೆ ಮುಗಿಯಿತು. ಆ ವಾರ ಪತ್ರಿಕೆಗಳ ತುಂಬ ಶ್ರದ್ಧಾಂಜಲಿ. ಟ್ಯಾಕ್ಸಿಗೆ ಹಾರ ಹಾಕಿದ ಫೋಟೊಗಳು, ಒಂದನ್ನಾದರೂ ಮ್ಯೂಸಿಯಮ್ಮಿನಲ್ಲಿಡಿ ಎಂಬ ಮನವಿಗಳು. ನಾನೂ ಓದಿ ಕಣ್ಣು ಒದ್ದೆ ಮಾಡಿಕೊಂಡವನೇ. ಆದರೆ ಅಷ್ಟು ಬರಹಗಳಲ್ಲಿ ಈ ಕಾರನ್ನು ಐವತ್ತು ವರ್ಷ ಓಡುವ ಸ್ಥಿತಿಯಲ್ಲಿಟ್ಟವರು ಯಾರು, ಅವರಿಗೆ ಗೊತ್ತಿದ್ದದ್ದು ಏನು, ಅದು ಮುಂದೆ ಯಾರಿಗೆ ಹೋಗುತ್ತದೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಆಗ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಹೊಳೆದದ್ದು ರಬ್ಬರ್ ತುಂಡು ಹಾಕಿಸಿ ಆರು ತಿಂಗಳಾದ ಮೇಲೆ.

ಒಂದು ಸಂಜೆ ಮಗಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಭಾಂಡುಪಿನ ಹತ್ತಿರ ಒಬ್ಬ ಆಟೊದವನು ಅಡ್ಡ ಬಂದ, ಅವಳು ಬ್ರೇಕ್ ಒತ್ತಿದಳು. ಎಡಗಡೆ ಮುಂದಿನಿಂದ 'ಕಟಕ್' ಎಂದು ಒಂದು ಸದ್ದು. ಎಲುಬು ಮುರಿದಂಥ ಒಣ ಸದ್ದು. ಸ್ಟಿಯರಿಂಗ್ ಅವಳ ಕೈಯಲ್ಲಿ ಒಮ್ಮೆ ಎಡಕ್ಕೆ ಎಳೆಯಿತು. "ಅಪ್ಪ, ಇದು ನಾನು ಮಾಡಿದ್ದಾ?" ಎಂದು ಕೇಳಿದಳು. ಅಲ್ಲ ಮಗಾ ಎಂದೆ. ಅಲ್ಲ ಎಂದು ನನಗೆ ಖಾತ್ರಿಯಿತ್ತು, ಯಾರು ಮಾಡಿದ್ದು ಎಂಬುದೂ ಒಳಗೊಳಗೇ ಗೊತ್ತಿತ್ತು.

ಹೀಗೆ ನಾನು ಕುರ್ಲಾದ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಹೋದದ್ದು. ಟ್ಯಾಕ್ಸಿಗಳನ್ನು ರಿಪೇರಿ ಮಾಡುತ್ತಲೇ ಮುದುಕರಾದವರು. ನಾನು ಅವರನ್ನು ಚಾಚಾ ಎನ್ನುತ್ತೇನೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ನನ್ನನ್ನು 'ಅಣ್ಣಾ' ಎನ್ನುತ್ತಾರೆ. ಉಡುಪಿ ಹೊಟೇಲಿನ ಕಡೆಯವರೆಲ್ಲರೂ ಈ ಊರಿನಲ್ಲಿ ಅಣ್ಣಾಗಳೇ ಅಲ್ಲವೇ.

ಚಾಚಾ ಕಾರನ್ನು ಮುಟ್ಟುವ ಮೊದಲು ಮಾಡಿದ್ದು ಅಳತೆ. ನೆಲ ಮಟ್ಟವಾಗಿರುವ ಜಾಗದಲ್ಲಿ ನಿಲ್ಲಿಸಿದರು. ನಾಲ್ಕೂ ಟಯರಿನ ಗಾಳಿ ಸಮ ಮಾಡಿದರು. ಡಿಕ್ಕಿ ಖಾಲಿ ಮಾಡಿಸಿದರು. ರಬ್ಬರ್ ತುಂಡುಗಳನ್ನು ಕಿತ್ತು ಬಿಸಾಡಿದರು. ಕಾರನ್ನು ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ಉರುಳಿಸಿ, ಬಾನೆಟ್ ಒತ್ತಿ ಕುಲುಕಿಸಿ, ಅದು ತಾನಾಗಿ ನೆಲೆಗೆ ಬರಲು ಬಿಟ್ಟರು. ಆಮೇಲೆ ಟೇಪ್ ಹಿಡಿದು, ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದರು. ನೆಲದಿಂದ ಅಳೆದರೆ ಟಯರಿನ ಸವೆತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಚಕ್ರದ ನಡುವಿನಿಂದ ಅಳೆದರೆ ಆ ತಪ್ಪು ಬರುವುದಿಲ್ಲ. ಎಡಗಡೆ 34 ಮಿಲಿಮೀಟರ್ ಕಡಿಮೆ.

ಎರಡನೆಯ ಪರೀಕ್ಷೆ ನನಗೆ ಆಶ್ಚರ್ಯ ತಂದಿತು. ಮುಂದೆ ವಾಲಿದ ಕಾರಿಗೆ ಅವರು ಹಿಂದಿನಿಂದ ಜಾಕ್ ಹಾಕಿದರು, ಹಿಂದಿನ ಆಕ್ಸಲ್ಲಿನ ನಟ್ಟನಡುವೆ. ಪದ್ಮಿನಿಗೆ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಕಮಾನು ಪಟ್ಟಿ. ಹಿಂದಿನ ಒಂದು ಪಟ್ಟಿ ಸೋತರೆ ಇಡೀ ಮೈ ಓರೆಯಾಗಿ, ಮುಂದಿನ ಸ್ಪ್ರಿಂಗ್ ಸೋತ ಹಾಗೆ ಕಾಣುತ್ತದೆ. ಹಿಂಭಾಗವನ್ನು ನಡುವಿನ ಒಂದೇ ಬಿಂದುವಿನ ಮೇಲೆ ಎತ್ತಿದರೆ ಹಿಂದಿನ ಪಟ್ಟಿಗಳು ಮೈಯನ್ನು ಯಾವ ಕಡೆಗೂ ವಾಲಿಸಲಾರವು. ಆಗ ಮುಂಭಾಗ ನೆಟ್ಟಗಾದರೆ ರೋಗ ಹಿಂದೆ. ವಾಲಿಯೇ ಇದ್ದರೆ ರೋಗ ಮುಂದೆ. ನಮ್ಮದು ವಾಲಿಯೇ ಇತ್ತು.

"ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ?" ಎಂದು ಕೇಳಿದೆ. ಚಾಚಾ ನನ್ನ ಕಡೆ ಕರುಣೆಯಿಂದ ನೋಡಿದರು. ಬಹಳ ಮಂದಿ ಮಾಡುವ ತಪ್ಪು ಇದು. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಹಳೆಯ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರಿನ ಕೆಲಸ ಕುಲುಕಾಟ ನಿಲ್ಲಿಸುವುದು ಮಾತ್ರ. ಅದನ್ನು ಎಷ್ಟು ಹೊಸದು ಹಾಕಿದರೂ ಕಾರು ಒಂದು ಕೂದಲೆಳೆ ಮೇಲೇಳುವುದಿಲ್ಲ.

ಸ್ಪ್ರಿಂಗ್ ಯಾಕೆ ಸೋಲುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಎಳೆದಷ್ಟು ಹಿಗ್ಗುತ್ತದೆ, ಒತ್ತಿದಷ್ಟು ಕುಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ನಮ್ಮ ಕಾರು ತಯಾರಾಗುವುದಕ್ಕೆ ಸರಿಯಾಗಿ 300 ವರ್ಷ ಮೊದಲು. ಆದರೆ ಉಕ್ಕಿಗೂ ದಣಿವಿದೆ. ದಶಕಗಳ ಕಾಲ ಭಾರ ಹೊತ್ತ ಸ್ಪ್ರಿಂಗ್ ಸ್ವಲ್ಪ ಸ್ವಲ್ಪವೇ ಗಿಡ್ಡವಾಗುತ್ತದೆ, ಬಿಟ್ಟರೂ ಮೊದಲಿನ ಉದ್ದಕ್ಕೆ ಬರುವುದಿಲ್ಲ. ಇಲ್ಲಿ ಒಂದು ಸ್ವಾರಸ್ಯವಿದೆ: ಹೀಗೆ ಗಿಡ್ಡವಾದ ಸ್ಪ್ರಿಂಗ್ ಮೆತ್ತಗಾಗಿರುವುದಿಲ್ಲ. ಅದರ ಬಿಗಿತ ನಿಂತಿರುವುದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ, ಉಕ್ಕಿನ ಗುಣ ಇವುಗಳ ಮೇಲೆ. ತುಕ್ಕು ತಿಂದು ತಂತಿ ಸವೆಯದಿದ್ದರೆ ಇವು ಯಾವುವೂ ಬದಲಾಗುವುದಿಲ್ಲ. ಹೋಗಿರುವುದು ಉದ್ದ ಮಾತ್ರ.

ಇದು ತಿಳಿದರೆ ರಬ್ಬರ್ ತುಂಡಿನ ಮೋಸವೂ ತಿಳಿಯುತ್ತದೆ. ಸುತ್ತುಗಳ ನಡುವೆ ತುರುಕಿದ ರಬ್ಬರ್ ಆ ಸುತ್ತುಗಳನ್ನು ಕೆಲಸ ಮಾಡದಂತೆ ಕಟ್ಟಿಹಾಕುತ್ತದೆ. ಉಳಿದ ಸುತ್ತುಗಳೇ ಎಲ್ಲ ಭಾರವನ್ನೂ ನುಂಗಬೇಕು. ಸ್ಪ್ರಿಂಗ್ ಬಿಗಿಯಾಗುತ್ತದೆ, ಗುಂಡಿಯ ಪೆಟ್ಟು ಕಾರಿನ ಮೈಗೆ ಮೊದಲಿಗಿಂತ ಜೋರಾಗಿ ತಾಗುತ್ತದೆ. ಇನ್ನು ಕೆಲವರು ಸ್ಪ್ರಿಂಗನ್ನು ಇದ್ದಲಿನ ಬೆಂಕಿಯಲ್ಲಿ ಕಾಯಿಸಿ ಎಳೆದು ಉದ್ದ ಮಾಡಿಕೊಡುತ್ತಾರೆ. ಕಾಯಿಸಿದ ಉಕ್ಕನ್ನು ಮತ್ತೆ ಸರಿಯಾಗಿ ಹದ ಮಾಡದೆ ಹಾಕಿದರೆ, ಮೊದಲಿದ್ದ ಶಕ್ತಿಯೂ ಹೋಗಿ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಕೆಳಗೆ ಕೂರುತ್ತದೆ.

ಚಾಚಾ ಎರಡೂ ಸ್ಪ್ರಿಂಗ್ ಹೊರತೆಗೆದರು. ಇದು ಹುಡುಗಾಟದ ಕೆಲಸವಲ್ಲ. ಒಳಗೆ ಅದುಮಿಕೊಂಡ ಸ್ಪ್ರಿಂಗಿನಲ್ಲಿ ನೂರಾರು ಕೆಜಿಯ ಬಲ ಅಡಗಿರುತ್ತದೆ; ಸರಿಯಾಗಿ ಹಿಡಿಸದೆ ಬಿಚ್ಚಿದರೆ ಗುಂಡಿನ ಹಾಗೆ ಹಾರುತ್ತದೆ. ಅವರ ಎಡಗೈಯಲ್ಲಿ ಒಂದು ಬೆರಳಿನ ತುದಿ ಇಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಎರಡನ್ನೂ ಸಿಮೆಂಟ್ ನೆಲದ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿ ಅಳೆದರು. ಎಡಗಡೆಯದು 6 ಮಿಲಿಮೀಟರ್ ಮಾತ್ರ ಗಿಡ್ಡ.

"ನೋಡಿ ಅಣ್ಣಾ," ಎಂದರು. "ಸ್ಪ್ರಿಂಗ್ ಕೂರುವುದು ಚಕ್ರದ ಹತ್ತಿರ ಅಲ್ಲ, ಆರ್ಮಿನ ನಡುವೆ. ಇಲ್ಲಿಯ ಆರು ಅಲ್ಲಿ ಹನ್ನೆರಡಾಗಬಹುದು. ನಿಮ್ಮ ಗಾಡಿ ಇಳಿದಿರುವುದು ಮೂವತ್ನಾಲ್ಕು. ಉಳಿದ ಇಪ್ಪತ್ತೆರಡು ಎಲ್ಲಿ ಹೋಯಿತು?"

ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ವಾಕ್ಯ ಇದು. ಅಪ್ಪ ರಾತ್ರಿ ಹೊಟೇಲಿನ ಗಲ್ಲಾ ಲೆಕ್ಕ ಹಾಕುವಾಗ ಕೇಳುತ್ತಿದ್ದದ್ದೂ ಇದೇ ಧಾಟಿಯ ಪ್ರಶ್ನೆ. ಲೆಕ್ಕಕ್ಕೆ ಸಿಗದ ಇಪ್ಪತ್ತೆರಡು ಎಲ್ಲಿ ಹೋಯಿತು? ಚಾಚಾ ಟಾರ್ಚ್ ಹಿಡಿದು ಕಾರಿನ ಕೆಳಗೆ ಹೋದರು. ಸ್ಪ್ರಿಂಗಿನ ತಲೆ ಹೋಗಿ ತಾಗುವ ಜಾಗದ ಲೋಹವನ್ನು ತಂತಿ ಬ್ರಷ್ಷಿನಿಂದ ಉಜ್ಜಿದರು. ಬಣ್ಣ ಉದುರಿತು, ಕೆಳಗೆ ಹಳೆಯ ಅಂಡರ್‌ಕೋಟಿಂಗ್ ಉದುರಿತು, ಅದರ ಕೆಳಗೆ ಬಿಸ್ಕತ್ತಿನ ಹಾಗೆ ಪದರ ಪದರವಾಗಿ ತುಕ್ಕು ಉದುರಿತು. ಲೋಹ ಮೇಲಕ್ಕೆ ಬಾಗಿ ಬಿರುಕು ಬಿಟ್ಟಿತ್ತು. "ಹಲ್ಲು ನೋವು ಅಂತ ಬಂದಿರಿ, ದವಡೆಯೇ ಮುರಿದಿದೆ," ಎಂದರು.

ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಮೈಯ ತಗಡೇ ಅದರ ಅಸ್ಥಿಪಂಜರ. ಅಲ್ಲಿ ತುಕ್ಕು ಹಿಡಿದರೆ ಎಲುಬಿಗೇ ಹಿಡಿದ ಹಾಗೆ. ಎಡಗಡೆಗೇ ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಎಷ್ಟೋ ಮಳೆಗಾಲ ನಾವು ಕಾರು ನಿಲ್ಲಿಸಿದ ಜಾಗದಲ್ಲಿ ತಾರಸಿಯ ನೀರಿನ ಪೈಪು ಇಳಿದು ನೇರ ಎಡ ಮುಂದಿನ ಚಕ್ರದ ಪಕ್ಕಕ್ಕೆ ನೀರು ಸುರಿಯುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೂಲೆ ಒಣಗುತ್ತಲೇ ಇರಲಿಲ್ಲ. ಉಪ್ಪು ಗಾಳಿಯ ಊರು ಬೇರೆ. ತಿಂದುಹೋದ ಆ ಲೋಹದ ಮೇಲೆ ನಾನು ರಬ್ಬರ್ ತುರುಕಿಸಿ ಸ್ಪ್ರಿಂಗನ್ನು ಬಿಗಿ ಮಾಡಿಸಿದ್ದೆ, ಪ್ರತಿ ಗುಂಡಿಯ ಪೆಟ್ಟೂ ಅಲ್ಲಿಗೇ ತಾಗುವಂತೆ. ಭಾಂಡುಪಿನಲ್ಲಿ ಕೇಳಿದ 'ಕಟಕ್' ಆ ಬಿರುಕಿನದು. ಅದೇ ಬ್ರೇಕು ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ, ಎಪ್ಪತ್ತರ ವೇಗದಲ್ಲಿ ಬಿದ್ದಿದ್ದರೆ? ಸ್ಟಿಯರಿಂಗ್ ಹಿಡಿದಿದ್ದವಳು ಇಪ್ಪತ್ತೆರಡು ವರ್ಷದ ನನ್ನ ಮಗಳು.

ಈ ರೋಗ ನಮ್ಮ ಬಡ ಪದ್ಮಿನಿಗೆ ಮಾತ್ರ ಬರುವುದಲ್ಲ. 1960ರ ದಶಕದಲ್ಲಿ ಅಮೆರಿಕದವರು ಭಾರಿ ವಿ8 ಎಂಜಿನ್‌ಗಳನ್ನು ಮುಂದೆ ಕೂರಿಸಿ ಓಡಿಸಿದ, ಮಸಲ್ ಕಾರು ಎಂದು ಕರೆಯುವ ಗಾಡಿಗಳೂ ವಯಸ್ಸಾದಂತೆ ಮೂತಿ ತಗ್ಗಿಸಿ ನಿಲ್ಲುತ್ತವೆ. ಅವುಗಳಲ್ಲಿ ಕ್ರೈಸ್ಲರ್ ಕಂಪನಿಯ ಗಾಡಿಗಳಿಗೆ ಮುಂದೆ ಸುರುಳಿ ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಉದ್ದ ಉಕ್ಕಿನ ಕಂಬಿ, ಅದನ್ನು ಹೊಂದಿಸಲು ಒಂದು ಬೋಲ್ಟು. ಬೋಲ್ಟು ತಿರುಗಿಸಿದರೆ ಮೂತಿ ಮೇಲೇಳುತ್ತದೆ. ನಮ್ಮ ಅಂಬಾಸಿಡರಿನ ಮುಂಭಾಗವೂ ಇಂಥ ಕಂಬಿಯ ಮೇಲೇ ನಿಂತದ್ದು. ಅದರ ಹಲ್ಲು ಬದಲಿಸಿ ಕೂರಿಸಿ ಎತ್ತರ ಕೊಡುತ್ತಿದ್ದರು. ಎಂಥ ಅನುಕೂಲ ಎನಿಸುತ್ತದೆ. ಆದರೆ ಆ ಬೋಲ್ಟಿನಲ್ಲೂ ರಬ್ಬರ್ ತುಂಡಿನ ಆಮಿಷವೇ ಇದೆ. ಯಾಕೆ ಇಳಿಯಿತು ಎಂದು ಕೇಳದೆ ಎತ್ತಿಬಿಡಬಹುದು. ಎತ್ತಿದ ಮೇಲೆ ಚಕ್ರದ ಓರೆ ಬದಲಾಗಿರುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಎತ್ತರ ಎಂಬುದು ಲಕ್ಷಣ, ಕಾರಣ ಬೇರೆ ಕಡೆ ಇರುತ್ತದೆ.

ನಮ್ಮ ಕಾರಿನ ಕೆಲಸ ಐದು ವಾರ ಹಿಡಿಯಿತು. ಕೊಳೆತ ಲೋಹದ ಮೇಲೆ ತೇಪೆ ಹಾಕಲು ಚಾಚಾ ಒಪ್ಪಲಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ಹೊಸ ಪ್ಲೇಟು ಬಾಗಿಸಿ, ಬಲಗಡೆಯ ಅಳತೆಗೆ ಸರಿಯಾಗಿ ಕೂರಿಸಿ, ಅಡ್ಡಡ್ಡ ಓರೆಯಾಗಿಯೂ ಅಳೆದು ನೋಡಿ ಬೆಸುಗೆ ಹಾಕಿಸಿದರು. ಆಮೇಲೆ ಸ್ಪ್ರಿಂಗ್. ಹೊಸದು ಅಂಗಡಿಯಲ್ಲಿ ಸಿಗಲಿಲ್ಲ, ಸುತ್ತಿಸಬೇಕಾಯಿತು. ಸ್ಪ್ರಿಂಗ್ ಸುತ್ತುವವರು ಮಾದರಿ ಕೇಳುತ್ತಾರೆ. ಇಲ್ಲೂ ಒಂದು ಬಲೆಯಿದೆ: ಸೋತ ಸ್ಪ್ರಿಂಗನ್ನೇ ಮಾದರಿಯಾಗಿ ಕೊಟ್ಟರೆ ಸೋತ ಉದ್ದದ್ದೇ ಹೊಸದಾಗಿ ಬರುತ್ತದೆ. ಚಾಚಾ ತಂತಿಯ ದಪ್ಪ, ಸುತ್ತು, ಅಗಲಗಳನ್ನು ಹಳೆಯದರಿಂದ ತೆಗೆದು, ಉದ್ದವನ್ನು ತಮ್ಮ ಹಳೆಯ ಪುಸ್ತಕದಿಂದ ಕೊಟ್ಟರು. "ಸ್ವಲ್ಪ ದಪ್ಪ ತಂತಿ ಹಾಕಿಸಿದರೆ ಗಟ್ಟಿ ಅಲ್ಲವೇ?" ಎಂದೆ. ಬೇಡ ಎಂದರು. ಕಾರಣ ನಾನು ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ತಿಳಿಯಿತು: ತಂತಿಯ ದಪ್ಪ ಹತ್ತು ಪಾಲು ಹೆಚ್ಚಿಸಿದರೆ ಸ್ಪ್ರಿಂಗಿನ ಬಿಗಿತ ನೂರಕ್ಕೆ 46ರಷ್ಟು ಹೆಚ್ಚುತ್ತದೆ. ಪದ್ಮಿನಿ ಹೋಗಿ ಎತ್ತಿನ ಗಾಡಿಯಾಗುತ್ತಿತ್ತು. ಸುತ್ತಿ ಹದ ಮಾಡಿದ ಸ್ಪ್ರಿಂಗನ್ನು ಪೂರ್ತಿ ಮುಚ್ಚುವವರೆಗೆ ಕೆಲವು ಸಲ ಒತ್ತಿಸಿಯೇ ತಂದರು. ಮೊದಮೊದಲು ಆಗುವ ಕುಸಿತ ಪ್ರೆಸ್ಸಿನಲ್ಲೇ ಮುಗಿದರೆ ಕಾರಿನಲ್ಲಿ ಆಗುವುದಿಲ್ಲ. ಎರಡೂ ಕಡೆಗೆ ಹೊಸದೇ ಹಾಕಿದರು. ಒಂದು ಕಡೆ ಮಾತ್ರ ಬದಲಿಸಿದರೆ ವಾಲುವ ದಿಕ್ಕು ಬದಲಾಗುತ್ತದೆ ಅಷ್ಟೆ.

ಕೊನೆಯ ಪಾಠ ಬುಷ್‌ಗಳದ್ದು. ಆರ್ಮುಗಳ ರಬ್ಬರ್ ಬುಷ್ ಹೊಸದಾಗಿ ಹಾಕಿ, ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ಅದರ ಪೂರ್ತಿ ಭಾರ ಚಕ್ರಗಳ ಮೇಲೆ ಬಂದ ಮೇಲೆ ಬಿಗಿ ಮಾಡಿದರು. ಜಾಕಿನ ಮೇಲಿರುವಾಗಲೇ ಬಿಗಿದರೆ, ಇಳಿಸಿದಾಗ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಕೆಲವು ದಿನ ಕಾರು ಸುಳ್ಳೇ ಎತ್ತರವಾಗಿ ನಿಲ್ಲುತ್ತದೆ, ಆಮೇಲೆ ರಬ್ಬರ್ ಹರಿಯುತ್ತದೆ. ಭಾರ ಹೊತ್ತ ಸ್ಥಿತಿಯಲ್ಲೇ ಬಿಗಿಯಬೇಕು ಎಂಬ ಈ ಮಾತನ್ನು ಚಾಚಾ ನನ್ನ ಮಗಳಿಗೆ ಮೂರು ಸಲ ಹೇಳಿದರು. ಅವಳು ಆ ಐದು ವಾರ ಬಿಡುವಿದ್ದಾಗಲೆಲ್ಲ ಕುರ್ಲಾಕ್ಕೆ ಬರುತ್ತಿದ್ದಳು. ಚಾಚಾರ ಮಕ್ಕಳಿಬ್ಬರೂ ಬೇರೆ ಕೆಲಸ ಹಿಡಿದಿದ್ದಾರೆ. ಅವರ ಗ್ಯಾರೇಜಿನ ಪುಸ್ತಕ ಓದಬಲ್ಲವರು ಅವರೊಬ್ಬರೇ.

ಈಗ ನಿಯಮಗಳ ವಿಚಾರಕ್ಕೆ ಬರುತ್ತೇನೆ. ಟ್ಯಾಕ್ಸಿಗೆ 20 ವರ್ಷದ ಮಿತಿ ಹಾಕಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ದಿನವಿಡೀ ಊರು ಸುತ್ತುವ, ಹಣ ಕೊಟ್ಟು ಹತ್ತುವವರ ಜೀವ ಹೊರುವ ಗಾಡಿಗೆ ಒಂದು ಕೊನೆ ಇರಲೇಬೇಕು. ಹೊಗೆಯ ಮಾತೂ ನಿಜ. ನನ್ನ ತಕರಾರು ನಮ್ಮಂಥ ಮನೆ ಕಾರುಗಳ ಬಗ್ಗೆ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರಗಳ ಬೇರೆ ನಂಬರು ಸಿಗುತ್ತದೆ. ನೋಂದಣಿಗೆ 20,000 ರೂಪಾಯಿ. ಅದನ್ನು ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯ ಓಡಿಸುವಂತಿಲ್ಲ. ನಮ್ಮ ಕಾರಿಗೆ 50 ತುಂಬುವುದು 2028ರಲ್ಲಿ. 20, 15, 50 ಎಲ್ಲವೂ ವರ್ಷಗಳ ಲೆಕ್ಕ. ನಮಗೆ ಬೇಕಾಗಿದ್ದ ಲೆಕ್ಕ ಮಿಲಿಮೀಟರಿನದು.

ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ ಒಂದು ಒಳ್ಳೆಯ ನಿಯಮವಿದೆ: ಸಸ್ಪೆನ್ಷನ್ ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಮೈಯ ಬಲ ಕುಗ್ಗಿಸುವಷ್ಟು ತುಕ್ಕು ಇದ್ದರೆ ಗಾಡಿ ಫೇಲು. ತಪಾಸಣೆ ಮಾಡುವವನು ಕೆಳಗೆ ಹೋಗಿ ನೋಡಲೇಬೇಕು. (ಅವರೂ 2018ರಿಂದ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಗಾಡಿಗಳಿಗೆ ಈ ತಪಾಸಣೆಯಿಂದಲೇ ವಿನಾಯಿತಿ ಕೊಟ್ಟಿದ್ದಾರೆ. ಹಳೆಯದರ ಮೇಲಿನ ಮೋಹ ಎಲ್ಲ ದೇಶದಲ್ಲೂ ಒಂದೇ.) ನಾನು ಕೇಳುವುದು ಇಷ್ಟು: ಹಳೆಯ ಮನೆ ಕಾರಿಗೆ ಶುಲ್ಕ ಹೆಚ್ಚಿಸಿ, ಬೇಡವೆನ್ನುವುದಿಲ್ಲ. ಆದರೆ ಆ ಹಣಕ್ಕೆ ಕಾರಿನ ಅಡಿಗೆ ಹೋಗಿ, ಸ್ಪ್ರಿಂಗ್ ಕೂರುವ ಜಾಗವನ್ನು ತಟ್ಟಿ, ಮುಂದಿನ ಎರಡೂ ಬದಿ ಅಳೆದು ಬರೆದುಕೊಡುವ ತಪಾಸಣೆ ಮಾಡಿ. ನಮ್ಮ ಕಾರು ಆವತ್ತು ಫೇಲಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಕೃತಜ್ಞನಾಗಿರುತ್ತಿದ್ದೆ.

ಸರ್ಕಾರಕ್ಕಿಂತ ಹೆಚ್ಚಿನ ತಪ್ಪು ನನ್ನಂಥವರದ್ದು. ಹಳೆಯ ಕಾರಿನ ಅಭಿಮಾನಿಗಳು ನಾವು ಕ್ರೋಮ್ ಬಂಪರಿಗೆ ಖರ್ಚು ಮಾಡುತ್ತೇವೆ, ಸೀಟಿನ ರೆಕ್ಸಿನ್‌ಗೆ ಖರ್ಚು ಮಾಡುತ್ತೇವೆ, ಕಾಣದ ಜಾಗಕ್ಕೆ ಬಿಡಿಗಾಸು ಬಿಚ್ಚುವುದಿಲ್ಲ. ಈ ಕೆಲಸಕ್ಕೆ ನನಗೆ ತಗುಲಿದ್ದು ಸುಮಾರು 40,000 ರೂಪಾಯಿ. ಹೆಂಡತಿ ಕೇಳಿದಳು, "ಗುಜರಿಗೆ ಹಾಕಿದರೂ ಅಷ್ಟು ಬರುವುದಿಲ್ಲವಲ್ಲ?" ಅವಳ ಪ್ರಶ್ನೆ ನ್ಯಾಯವಾದದ್ದೇ. ನಾನು ಕೊಟ್ಟ ಉತ್ತರ: ಇಷ್ಟು ಖರ್ಚು ಮಾಡುವ ಮನಸ್ಸಿಲ್ಲದಿದ್ದರೆ ಗುಜರಿಗೆ ಹಾಕುವುದೇ ಪ್ರಾಮಾಣಿಕ ದಾರಿ. ನೆನಪಿಗಾಗಿ ಇಟ್ಟುಕೊಳ್ಳುತ್ತೇನೆ, ಆದರೆ ಕೆಳಗೆ ಬಗ್ಗಿ ನೋಡುವುದಿಲ್ಲ ಎನ್ನುವುದು ಮಾತ್ರ ಆಗದ ಮಾತು. ಓಡಿಸದೆ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟರೂ ತುಕ್ಕು ಸುಮ್ಮನಿರುವುದಿಲ್ಲ.

ಕೆಲಸ ಮುಗಿದ ದಿನ ಅಳೆದಾಗ ಎರಡು ಬದಿಗೂ 2 ಮಿಲಿಮೀಟರ್ ವ್ಯತ್ಯಾಸ ಉಳಿದಿತ್ತು. ಅದನ್ನೂ ಸರಿ ಮಾಡಬಹುದಲ್ಲ ಎಂದೆ. "ನಲವತ್ತೇಳು ವರ್ಷದ ಗಾಡಿ ಅಣ್ಣಾ, ಅಷ್ಟು ಇರಲಿ," ಎಂದರು ಚಾಚಾ. "ಆದರೆ ಎರಡು ಅಂತ ಬರೆದಿಡಿ. ಮೂರಾದ ದಿನ ಬನ್ನಿ. ನಾನಿದ್ದರೆ ನೋಡುತ್ತೇನೆ."

ನಾನಿದ್ದರೆ ಎಂದದ್ದು ಮಗಳಿಗೂ ಕೇಳಿಸಿತು. ಅವಳು ಅಪ್ಪನ ಹೊಟೇಲಿನ ಹಳೆಯ ಉದ್ದ ಲೆಕ್ಕದ ಪುಸ್ತಕವೊಂದನ್ನು ಅಟ್ಟದಿಂದ ತೆಗೆದು, ಖಾಲಿ ಉಳಿದ ಹಾಳೆಗಳಲ್ಲಿ ತಿಂಗಳ ಮೊದಲ ಭಾನುವಾರ ಅಳತೆ ಬರೆಯುತ್ತಿದ್ದಾಳೆ. ಎಡ ಇಷ್ಟು, ಬಲ ಇಷ್ಟು. ಚಾಚಾ ಹೇಳಿಕೊಟ್ಟದ್ದೂ ಅದರಲ್ಲೇ ಇದೆ, ಅವಳ ಕನ್ನಡದಲ್ಲಿ, ಅಲ್ಲಲ್ಲಿ ತಪ್ಪು ಕಾಗುಣಿತದೊಂದಿಗೆ. ಕಾರು ನಿಲ್ಲಿಸುವ ಜಾಗ ಬದಲಾಯಿಸಿದ್ದೇವೆ. ತಾರಸಿಯ ಪೈಪಿಗೆ ಮೊಣಕೈ ಹಾಕಿಸಿ ನೀರನ್ನು ಚರಂಡಿಗೆ ತಿರುಗಿಸುವುದಕ್ಕೆ ಸೊಸೈಟಿಯ ಸೆಕ್ರೆಟರಿಯವರನ್ನು ಒಪ್ಪಿಸಲು ಮಾತ್ರ ಕಾರಿನ ಕೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಗಾಡಿ ಇದ್ದರೆ, ಫಿಯೆಟ್ಟೋ ಅಂಬಾಸಿಡರೋ ಮಾರುತಿ 800ಓ, ಈ ಭಾನುವಾರ ಒಂದು ಟೇಪು ತೆಗೆದುಕೊಂಡು ಹೋಗಿ. ಫೋಟೊ ಆಮೇಲೆ ತೆಗೆಯಬಹುದು. ಮೊದಲು ಮೊಣಕಾಲೂರಿ ಎರಡೂ ಬದಿ ಅಳೆಯಿರಿ. ಲೆಕ್ಕ ಕೂಡದಿದ್ದರೆ, ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿ. ಉತ್ತರ ಹೇಳಬಲ್ಲವರು ಇನ್ನೂ ಕೆಲವರು ಇದ್ದಾರೆ.